ಎರಡನೇ ಬಾಗಿಲಿಗೂ ಹೋದ ಪಾಸ್‌ವರ್ಡ್

ಕೋಲಾರದಿಂದ ನರಸಾಪುರಕ್ಕೆ ಹೋಗುವ ಕಂಪನಿ ಬಸ್ಸಿನಲ್ಲಿ ಶೋಭಾರಾಣಿಯ ಪಕ್ಕದ ಸೀಟು ಎಂದಿನಂತೆ ಖಾಲಿಯಿತ್ತು. ಹಿಂದಿನ ಸೀಟಿನಲ್ಲಿ ಕಂಪ್ಯೂಟರ್ ವಿಭಾಗದ ರಂಜಿತ ಅಳುದನಿಯಲ್ಲಿ ಮಾತಾಡುತ್ತಿದ್ದಳು. ಜೊತೆಯಲ್ಲಿದ್ದವನು ಅದೇ ವಿಭಾಗದ ಮುರಳಿಮೋಹನ್.

“ನಾನು ಪಾಸ್‌ವರ್ಡ್ ಕಳ್ಸಿದ್ದು ನಮ್ ಸರ್ವರ್‌ಗೇ ಕಣೋ.”

“ಅದೇನಂತು?”

“ನೀನ್ ಕೇಳಿದ ಫೈಲು ಇಲ್ಲಿಲ್ಲ, ಇನ್ನೊಂದು ವಿಳಾಸಕ್ಕೆ ಹೋಗು ಅಂತು. ನನ್ ಪ್ರೋಗ್ರಾಮು ಸೀದಾ ಅಲ್ಲಿಗೇ ಹೋಯ್ತು.”

“ಪಾಸ್‌ವರ್ಡ್ ಹೊತ್ಕೊಂಡೇ?”

“ಹೂಂ.”

“ಅಲ್ಲಿರೋದ್ಯಾರು?”

“ಗೊತ್ತಿಲ್ಲ. ಯಾರೋ ಹೊರಗಿನೋರು.”

“ಅಲ್ವೇ, ವಿಳಾಸ ಬದಲಾಯ್ತು ಅಂದ್ರೆ ಬರಿಗೈಲಿ ಹೋಗ್ಬೇಕು ಕಣೇ. ಅವ್ರು ನಮ್ಮೋರೇ ಅಂತ ಗೊತ್ತಾದ್ಮೇಲೆ ಗುಟ್ಟು ಕೊಡೋದು.”

“ಮೊದಲ್ನೇ ಬಾಗ್ಲಲ್ಲಿ ಯಾರು ಅಂತ ನೋಡ್ಕೊಂಡೇ ಕೊಟ್ಟಿದ್ದೆ!”

“ಎರಡ್ನೇದ್ರಲ್ಲೂ ನೋಡ್ಬೇಕಿತ್ತು. ಏಳು, ಮೊದ್ಲು ಆ ಪಾಸ್‌ವರ್ಡ್ ಬದಲಾಯ್ಸೋಣ.”

ಕಂಪನಿಯಲ್ಲಿ ತಮ್ಮ ವಿಭಾಗದ ಗೇಟು ಬಂದೊಡನೆ ಇಬ್ಬರೂ ದಡದಡನೆ ಇಳಿದುಹೋದರು. ಶೋಭಾರಾಣಿಯ ಗೇಟು ಇನ್ನೂ ಮುಂದಿತ್ತು.

ಅವಳು ಫೋನು ತೆಗೆದಳು. ತೀರಿಹೋದ ಅಕ್ಕನ ನಂಬರಿಗೆ ದಿನವೂ ಮನಸ್ಸಿನಲ್ಲಿದ್ದುದನ್ನೆಲ್ಲ ಬರೆದು ಕಳಿಸುವುದು ಅವಳ ರೂಢಿ. ಆ ನಂಬರು ಈಗ ಬೇರೆ ಯಾರಿಗೋ ಹೋಗಿರಬೇಕು. ಹೋದ ತಿಂಗಳಿಂದ ಪ್ರತಿ ಮೆಸೇಜಿಗೂ ಓದಿದ ಗುರುತಿನ ನೀಲಿ ಟಿಕ್ಕು ಬೀಳುತ್ತಿತ್ತು.

“ನೀವು ಯಾರು?” ಎಂದು ಬರೆದಳು. ಕೇಳಿದರೆ ಓದುವುದನ್ನೂ ನಿಲ್ಲಿಸಿಬಿಟ್ಟಾರು ಎನಿಸಿ ಅಳಿಸಿದಳು.

“ಅಕ್ಕಾ, ಇವತ್ತೂ ಪಕ್ಕದಲ್ಲಿ ಯಾರೂ ಕೂತ್ಕೊಂಡಿಲ್ಲ” ಎಂದು ಕಳಿಸಿ, ಟಿಕ್ಕು ನೀಲಿಯಾಗುವುದನ್ನೇ ಕಾಯುತ್ತ ಕೂತಳು.