ಕೊನೆಯ ಮನುಷ್ಯನ ದವಡೆ

ತೊಂಡೇಬಾವಿಯ ಹೊಲಗಳ ನಡುವೆ ಒಂದು ಹಳೇ ಬಾವಿ. ಅಲ್ಲಿಂದ ರೈಲ್ವೆ ಸ್ಟೇಷನ್ನಿಗೆ ಬರುವ ಕಾಲುದಾರಿಯಲ್ಲಿ ಒಂದು ಆಲದಮರ. ಎಂಬತ್ತೆಂಟರ ಬೇಸಿಗೆಯಲ್ಲಿ ಒಂದು ರಾತ್ರಿ ಅಮಾನುಲ್ಲಾ ಆ ಮರದ ಕೆಳಗೆ ಒಬ್ಬನೇ ಬರುತ್ತಿದ್ದ. ಶಿಡ್ಲಘಟ್ಟದಲ್ಲಿ ನಮ್ಮದೂ ಅವರದೂ ಒಂದೇ ಗೋಡೆಯ ಮನೆ, ಹಾಗಾಗಿ ಇದು ಗಾಳಿಮಾತಲ್ಲ. ಕಡೇ ಬಸ್ಸು ತಪ್ಪಿತ್ತು. ಹೆಗಲಲ್ಲಿ ಚೀಲ. ಚೀಲದಲ್ಲಿ ಒಂದು ತಲೆಬುರುಡೆ.

ಮರ ದಾಟುವಾಗ ಚೀಲದೊಳಗಿಂದ ಸದ್ದು...

ಹ್ಹ... ಹ್ಹ...

ಬಾಯಿಗೆ ಬಟ್ಟೆ ತುರುಕಿಸಿಕೊಂಡವನು ಮಾತಾಡಲು ಹೆಣಗಿದರೆ ಗಂಟಲಲ್ಲಿ ಉಸಿರು ಉಜ್ಜುತ್ತದಲ್ಲ, ಆ ಸದ್ದು. ಅಮಾನುಲ್ಲಾ ನಿಂತ. ಸದ್ದೂ ನಿಂತಿತು. ನಡೆದ. ಹ್ಹ... ಹ್ಹ... ಅವನು ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವನು. ಆದ್ದರಿಂದ ಓಡಲಿಲ್ಲ. ಬಹಳ ಬೇಗ ನಡೆದ.

ಬುರುಡೆ ಯಾಕೆ ಬೇಕಾಯಿತೆಂದರೆ, ಆಗ ಮುದ್ದೇನಹಳ್ಳಿ ರಸ್ತೆಯಲ್ಲಿ ಒಂದು ಟ್ರಸ್ಟಿನವರು ಶಾಲೆ ಮಕ್ಕಳಿಗಾಗಿ ವಿಜ್ಞಾನದ ಮ್ಯೂಸಿಯಂ ತೆರೆದಿದ್ದರು. ಅದರಲ್ಲಿ ಅಮಾನುಲ್ಲಾ ಟೆಂಪೊರರಿ ಗೈಡು. ಮನುಷ್ಯ ಹೇಗೆ ಮನುಷ್ಯನಾದ ಎಂದು ತೋರಿಸುವ ಒಂದು ಕೋಣೆ ಸಿದ್ಧವಾಗುತ್ತಿತ್ತು. ಗೋಡೆಗುಂಟ ಪ್ಲಾಸ್ಟರಿನ ಬುರುಡೆಗಳ ಸಾಲು. ಎಡಗಡೆ ವಾನರ, ನಡುವೆ ಅರೆವಾನರರು, ಬಲತುದಿಯಲ್ಲಿ ನಾವು. ಎಲ್ಲ ಲಾರಿಯಲ್ಲಿ ಬಂದವು. ಲಕ್ಷಾಂತರ ವರ್ಷ ದಾಟಿ ಬಂದ ಕೊನೆಯ ಮನುಷ್ಯ ಮಾತ್ರ ದೇವನಹಳ್ಳಿ ಆಚೆಯ ಒಂದು ರಸ್ತೆಗುಂಡಿಯಲ್ಲಿ ಪುಡಿಯಾದ.

ಬೆಂಗಳೂರಿಂದ ಬರುವ ಸಮಿತಿ ಆ ಕೋಣೆಯನ್ನು ಒಪ್ಪಿದರೆ ಅಮಾನುಲ್ಲಾನ ಕೆಲಸ ಖಾಯಂ. ಒಪ್ಪದಿದ್ದರೆ ಮನೆಗೆ ವಾಪಸ್ಸು, ಅಪ್ಪನ ಜೊತೆ ಕುದಿಯುವ ಬಾಂಡಲೆಗೆ ಕೈ ಅದ್ದಿ ರೇಷ್ಮೆಗೂಡಿನ ಎಳೆ ಹುಡುಕುವ ಕೆಲಸ. ಅವನಪ್ಪ ಗೌಸ್ ಪೀರ್ ಕೈ ಚಾಚಿದರೆ ಬೆರಳುಗಳು ಬೇಯಿಸಿ ಸುಲಿದ ಕಡಲೆಕಾಯಿಯಂತೆ ಕಾಣುತ್ತಿದ್ದವು. ಅಮಾನುಲ್ಲಾ ಆ ಬೆರಳುಗಳನ್ನು ನೋಡಿಯೇ ಬಿ.ಎಸ್ಸಿ. ಪಾಸು ಮಾಡಿದ್ದ.

ಅಷ್ಟರಲ್ಲಿ ತೊಂಡೇಬಾವಿಯ ಆವುಲಪ್ಪ ಎಂಬ ಜಮೀನ್ದಾರನ ಬಾವಿಯ ಹೂಳೆತ್ತುವಾಗ ಬುರುಡೆಯೊಂದು ಸಿಕ್ಕಿತೆಂಬ ಸುದ್ದಿ ಬಂತು. ಹೋದ. ಹೂಳೆತ್ತುವ ಮುನಿಶಾಮಪ್ಪ ಅದನ್ನು ಮಂಕರಿಯಲ್ಲಿ ತಂದಿಟ್ಟ. ನೆತ್ತಿಯಲ್ಲಿ ಮಚ್ಚಿನೇಟಿನ ಉದ್ದ ಸೀಳು. ಕೆಳದವಡೆ ಇರಲಿಲ್ಲ.

"ದವಡೆ ಕೆಸರಲ್ಲಿ ಉಳೀತಾ?" ಎಂದು ಅಮಾನುಲ್ಲಾ ಕೇಳಿದ.

ಮುನಿಶಾಮಪ್ಪ ದನಿ ತಗ್ಗಿಸಿದ. "ಉಳಿದಿಲ್ಲ ಸಾಬ್ರೆ. ಕೊಂದೋರೇ ಕಿತ್ಕೊಂಡು ಹೋಗಿರ್ತಾರೆ. ಬಾಯಿಲ್ದೋನು ದೆವ್ವ ಆದ್ರೂ ಯಾರ ಹೆಸರೂ ಹೇಳಂಗಿಲ್ಲ."

"ಏನೋ ಅದು ಪಿಸಪಿಸ?" ಎನ್ನುತ್ತ ಆವುಲಪ್ಪ ಬಂದ. ಬುರುಡೆಯನ್ನು ಎತ್ತಿಕೊಂಡ. ತಲೆಕೆಳಗು ಮಾಡಿ, ದವಡೆಯಿರಬೇಕಾದ ಜಾಗವನ್ನು ಹೆಬ್ಬೆರಳಿಂದ ಸವರಿ ನೋಡಿದ. ಆಮೇಲೆ ಅವನ ಮುಖ ಸಡಿಲವಾಯಿತು. "ಪಾಳೇಗಾರರ ಕಾಲದ್ದು. ತಗೊಂಡೋಗಿ ಸಾಬ್ರೆ, ಮಕ್ಳು ಓದ್ಕೊಳ್ಲಿ."

ಹೊರಡುವಾಗ ಮುನಿಶಾಮಪ್ಪ ಇನ್ನೊಂದು ಮಾತು ಹೇಳಿದ. ಆವುಲಪ್ಪನಿಗೆ ರಾಮಾಂಜಿನಪ್ಪ ಎಂಬ ತಮ್ಮನಿದ್ದ. ಹೊಲದಲ್ಲಿ ಭಾಗ ಕೇಳಿದ. ಆಮೇಲೆ ಬೊಂಬಾಯಿಗೆ ಹೋದನಂತೆ. ಹೋಗಿದ್ದನ್ನು ಕಂಡವನು ಆವುಲಪ್ಪ ಒಬ್ಬನೇ.

ಅಮಾನುಲ್ಲಾ ಇದನ್ನು ಕೇಳಿಸಿಕೊಂಡ. ಆದರೆ ಪೊಲೀಸರಿಗೆ ಹೇಳಿದರೆ ಬುರುಡೆ ಸ್ಟೇಷನ್ನಿಗೆ ಹೋಗುತ್ತದೆ, ಅವನು ಬಾಂಡಲೆಗೆ ಹೋಗುತ್ತಾನೆ. ಹೇಳಲಿಲ್ಲ.

ಮ್ಯೂಸಿಯಂ ನಡೆಸುತ್ತಿದ್ದವರು ನಲ್ಲಪ್ಪ ಮೇಷ್ಟ್ರು. ಬುರುಡೆ ನೋಡಿ ಮೂಗು ಮುರಿದರು. "ದವಡೆ ಇಲ್ಲದ ಮನುಷ್ಯನ್ನ ಹೆಂಗಪ್ಪ ತೋರಿಸೋದು? ವಾನರನಿಂದ ಇಲ್ಲಿ ತನಕ ಚಿಕ್ಕದಾಗಿದ್ದೇ ದವಡೆ. ಒಂದು ಮಾಡು."

ಅಮಾನುಲ್ಲಾ ಮನೆಯ ಬಾಂಡಲೆಯಲ್ಲೇ ಮೇಣ ಮೆತ್ತಗೆ ಮಾಡಿದ. ಬಾಯಿ ತೆರೆದು ಕೆಳಗಿನ ಹಲ್ಲುಗಳಿಂದ ಮೇಣವನ್ನು ಕಚ್ಚಿದ. ಮುಂದಿನ ಒಂದು ಹಲ್ಲು ಅಡ್ಡ, ಅದೂ ಅಚ್ಚಾಯಿತು. ಅವನಮ್ಮ ನೂರುನ್ನೀಸಾ ನೋಡುತ್ತಾ ನಿಂತಿದ್ದರು.

"ಬೇಟಾ, ಮೇಣ ಕಚ್ಚೋಕೆ ಮೂರು ವರ್ಷ ಕಾಲೇಜಿಗೆ ಹೋದ್ಯಾ?"

ಅಚ್ಚಿಗೆ ಪ್ಲಾಸ್ಟರ್ ಹೊಯ್ದ. ದವಡೆಯ ಉಳಿದ ಭಾಗವನ್ನು ಪುಸ್ತಕ ನೋಡಿ ತಿದ್ದಿದ. ರೇಷ್ಮೆ ಬಿಚ್ಚುವ ಚರಕದ ಸ್ಪ್ರಿಂಗು ಹಾಕಿ ಬುರುಡೆಗೆ ಜೋಡಿಸಿದ. ದಾರ ಎಳೆದರೆ ಬಾಯಿ ತೆರೆಯುತ್ತಿತ್ತು. ಬಿಟ್ಟರೆ... ಕಟ್. ಮಕ್ಕಳಿಗೆ ಇದು ಬಹಳ ಹಿಡಿಸುತ್ತದೆಂದು ನಲ್ಲಪ್ಪ ಮೇಷ್ಟ್ರು ಹೇಳಿದರು. ಜೋಡಿಸಿದ ದಿನದಿಂದ ಹ್ಹ... ಹ್ಹ... ಸದ್ದು ನಿಂತಿತು. ಬಾಯಿ ಬಂದ ಮೇಲೆ ಅದು ಸುಮ್ಮನಾಯಿತು. ಯಾರಿಗಾಗಿಯೋ ಕಾಯುವವರು ಹೀಗೇ ಸುಮ್ಮನಿರುತ್ತಾರೆ.

ಸಮಿತಿ ಬಂತು. ಬುರುಡೆ ಕೊಟ್ಟ ದಾನಿಯೆಂದು ಆವುಲಪ್ಪನಿಗೂ ಶಾಲು, ಹಾರ. ಬರದಿದ್ದರೆ ಊರು ಆಡಿಕೊಳ್ಳುತ್ತದೆಂದು ಬಂದಿದ್ದ. ಸಾಲಿನ ತುದಿ ತಲುಪಿ ನಿಂತವನು ಕದಲಲಿಲ್ಲ.

"ಇದಕ್ಕೆ ಬಾಯಿ ಯಾರು ಕೊಟ್ರು?" ಎಂದು ಪಿಸುಗುಟ್ಟಿದ.

"ನಾನೇ ಯಜಮಾನ್ರೇ," ಎಂದ ಅಮಾನುಲ್ಲಾ, ಸ್ವಲ್ಪ ಹೆಮ್ಮೆಯಿಂದ.

ಸಮಿತಿಯ ಅಧ್ಯಕ್ಷರು ಮಕ್ಕಳ ಬೆರಳು ಸಿಕ್ಕಿಕೊಂಡರೆ ಗತಿಯೇನೆಂದು ಕೇಳಿದರು. "ಏನೂ ಆಗಲ್ಲ ಸಾರ್, ಪ್ಲಾಸ್ಟರು," ಎಂದ ನಲ್ಲಪ್ಪ ಮೇಷ್ಟ್ರು ಒಂದು ಕೈಯಲ್ಲಿ ದಾರ ಎಳೆದು, ಇನ್ನೊಂದರಲ್ಲಿ ಆವುಲಪ್ಪನ ಕೈ ಹಿಡಿದು, ತೋರುಬೆರಳನ್ನು ಹಲ್ಲುಗಳ ನಡುವೆ ಇಟ್ಟರು. ಎಲ್ಲರೂ ನೋಡುತ್ತಿದ್ದರು. ಆವುಲಪ್ಪ ಕೈ ಎಳೆದುಕೊಳ್ಳಲು ನೋಡಿದ...

ಕಟ್.

ಬೆರಳ ತುದಿ ಸಿಮೆಂಟು ನೆಲದ ಮೇಲೆ ಬಿತ್ತು. ರಕ್ತ ಅಧ್ಯಕ್ಷರ ಬಿಳಿ ಪ್ಯಾಂಟಿಗೆ ಹಾರಿತು. ಸ್ಪ್ರಿಂಗು ಸ್ವಲ್ಪ ಬಿಗಿಯಾಯಿತು, ಉಳಿದಂತೆ ಕೋಣೆ ತೃಪ್ತಿಕರ ಎಂದು ಸಮಿತಿ ತೀರ್ಮಾನಿಸಿತು. ಆರ್ಡರ್ ಮಾರನೇ ದಿನ ಜೀಪಿನಲ್ಲಿ ಕಳಿಸುವುದಾಗಿ ಹೇಳಿದರು.

ಆ ರಾತ್ರಿ ಅಮಾನುಲ್ಲಾ ಮ್ಯೂಸಿಯಮ್ಮಿನಲ್ಲೇ ಮಲಗಿದ. ಆರ್ಡರ್ ಬರುವ ತನಕ ಕೋಣೆಗೆ ಏನೂ ಆಗಬಾರದೆಂದು. ಕರೆಂಟು ಹೋಗಿತ್ತು. ಬಾಗಿಲ ಮೇಲೆ ಉಗುರಿನಿಂದ ಕೆರೆದಂತೆ... ಸರ್... ಸರ್...

"ಸಾಬ್ರೆ... ನಾನು, ಆವುಲಪ್ಪ. ಬಾಗ್ಲು ತೆಗೀರಿ."

"ಬೆಳಿಗ್ಗೆ ಬನ್ನಿ ಯಜಮಾನ್ರೇ."

"ಆ ಬಾಯಿ ನನಗೆ ಬೇಕು."

"ನಾಳೆ ಆರ್ಡರ್ ಬರತ್ತೆ. ಬಂದ್ಮೇಲೆ ಬೇಕಾದ್ರೆ ಇಂಥವು ಎರಡು ಮಾಡ್ಕೊಡ್ತೀನಿ."

ಅಗುಳಿಗೆ ಹಾರೆ ಬಿತ್ತು. ಠಣ್. ಠಣ್. ಬಾಗಿಲು ಒಳಗೆ ಬಂತು, ಹಿಂದೆಯೇ ಆವುಲಪ್ಪ.

ಕತ್ತಲಲ್ಲಿ ಅವನಿಗೆ ಯಾವ ಬುರುಡೆ ಯಾವುದೆಂದು ಗೊತ್ತಾಗಲಿಲ್ಲ. ಎಡಗಡೆಯಿಂದ ಶುರು ಮಾಡಿದ. ವಾನರ ಒಡೆದ. ಅರೆವಾನರರು ಒಬ್ಬೊಬ್ಬರಾಗಿ ಒಡೆದರು. ಪ್ಲಾಸ್ಟರ್ ಪುಡಿ ಮೂಗಿಗೆ ಅಡರಿತು. ಲಕ್ಷಾಂತರ ವರ್ಷ ನಿಮಿಷದೊಳಗೆ ಮುಗಿದು, ಹಾರೆ ಕೊನೆಯ ಮನುಷ್ಯನ ಹತ್ತಿರ ಬಂತು. ಅಮಾನುಲ್ಲಾ ಅಡ್ಡ ನಿಂತ.

"ಆಚೆಗೆ ಹೋಗೋ ಸಾಬಿ."

"ಹೋಗಲ್ಲ. ನಂಗಿರೋದು ಇದೊಂದೇ ಕೆಲಸ."

ಹಾರೆ ಅವನ ದವಡೆಗೆ ಬಿತ್ತು. ಹಸಿ ಕಬ್ಬು ಮುರಿದ ಸದ್ದು. ಬಿದ್ದ. ಬಾಯಿ ತುಂಬ ಬಿಸಿ ರಕ್ತ, ಅದರಲ್ಲಿ ತೇಲುವ ಹಲ್ಲು. ದವಡೆ ಕತ್ತಿನ ಕಡೆಗೆ ಜೋತುಬಿತ್ತು. ಇನ್ನೊಂದು ಏಟು ಹೆಗಲಿಗೆ. ಇನ್ನೊಂದು ಪಕ್ಕೆಗೆ. ಆವುಲಪ್ಪ ಅವನನ್ನು ದಾಟಿ ಬುರುಡೆಯತ್ತ ಕಾಲಿಟ್ಟ.

ಆಗ ಕತ್ತಲಲ್ಲಿ ಯಾರೋ ಕರೆದರು.

"ಅಣ್ಣಾ..."

ಅದು ಅಮಾನುಲ್ಲಾನ ದನಿ. ಆದರೆ ಅಮಾನುಲ್ಲಾ ಕರೆದಿರಲಿಲ್ಲ. ಕರೆಯಲು ಅವನಿಗೆ ಬಾಯಿರಲಿಲ್ಲ.

"ಅಣ್ಣಾ... ಹೊಲ ಎಲ್ಲಾ ನಿಂದೇ ಆಯ್ತಾ?"

ಹಾರೆ ನೆಲಕ್ಕೆ ಬಿತ್ತು. "ವದ್ದುರಾ ರಾಮಾಂಜಿ..." ಆವುಲಪ್ಪನ ಬಾಯಲ್ಲಿ ಮನೆಮಾತಿನ ತೆಲುಗು ಬಂತು. "ಬೇಡ ಕಣೋ... ಬರೆದ್ಕೊಡ್ತೀನಿ, ಅರ್ಧ ಬರೆದ್ಕೊಡ್ತೀನಿ..."

ಕಟ್.

ಆಮೇಲೆ ಒದ್ದೆ ಗೋಣಿಚೀಲ ಹರಿದ ಸದ್ದು. ಮತ್ತೆ ಕಟ್. ನೀರಿನ ಹೂಜಿ ಬಗ್ಗಿಸಿದಾಗ ಬರುವ ಬುಳುಬುಳು. ಹಿಮ್ಮಡಿಗಳು ಸಿಮೆಂಟು ನೆಲವನ್ನು ಬಡಿದವು. ದಪ ದಪ ದಪ... ದಪ... ದಪ...

ಬೆಳಿಗ್ಗೆ ನಲ್ಲಪ್ಪ ಮೇಷ್ಟ್ರು ಬಂದು ನೋಡಿದಾಗ ಆವುಲಪ್ಪ ಅಂಗಾತ ಬಿದ್ದಿದ್ದ. ಗಂಟಲಿರಲಿಲ್ಲ. ಬುರುಡೆ ತನ್ನ ಜಾಗದಲ್ಲೇ ಇತ್ತು. ಆರ್ಡರ್ ತಂದ ಜೀಪಿನಲ್ಲೇ ಅಮಾನುಲ್ಲಾನನ್ನು ಆಸ್ಪತ್ರೆಗೆ ಒಯ್ದರು. ಅವನು ಖಾಯಂ ಆಗಿದ್ದ.

ಹೆಣದ ಕತ್ತಿನ ಉಳಿದ ಭಾಗದಲ್ಲಿ ಹಲ್ಲಿನ ಗುರುತಿತ್ತು. ಮುಂದಿನ ಒಂದು ಹಲ್ಲು ಅಡ್ಡ. ಅಡ್ಡಹಲ್ಲಿನವನು ಯಾರೆಂದು ಇನ್ಸ್‌ಪೆಕ್ಟರಿಗೆ ಗೊತ್ತಾಗಲು ಹೊತ್ತು ಹಿಡಿಯಲಿಲ್ಲ. ಕೈಕೋಳದೊಂದಿಗೆ ಬಂದರು. ಡಾಕ್ಟರು ತಡೆದರು.

"ಇವನ ದವಡೆ ಮೂರು ತುಂಡು. ಬಾಳೆಹಣ್ಣು ಕಚ್ಚಕ್ಕಾಗಲ್ಲ."

"ಕಚ್ಚಿದ ಮೇಲೆ ಮುರಿದಿರಬಹುದಲ್ಲ?"

"ಮುರಿದೋರು ಯಾರು, ಗಂಟಲಿಲ್ಲದೋನಾ?"

ಇನ್ಸ್‌ಪೆಕ್ಟರು ಬಹಳ ಹೊತ್ತು ಯೋಚಿಸಿ ಚಿರತೆ ಎಂದು ಬರೆದರು. ಚಿರತೆಯ ಕೇಸಿಗೆ ಮನುಷ್ಯನ ಬುರುಡೆ ಬೇಕಾಗುವುದಿಲ್ಲ, ಹಾಗಾಗಿ ಅದು ಮ್ಯೂಸಿಯಮ್ಮಿನಲ್ಲೇ ಉಳಿಯಿತು. ಮುನಿಶಾಮಪ್ಪ ಒಂದು ದಿನ ಬಂದು ಅದರ ಬಾಯಿಗೆ ಅಕ್ಕಿ ಹಾಕಿ, ಕೈಮುಗಿದು ಹೋದ. ಒಂದು ಹಿಡಿ ಅಕ್ಕಿಯಿಂದ ವಿಜ್ಞಾನಕ್ಕೆ ನಷ್ಟವಿಲ್ಲವೆಂದು ನಲ್ಲಪ್ಪ ಮೇಷ್ಟ್ರು ಸುಮ್ಮನಿದ್ದರು. ಆಮೇಲೆ ದಾರ ಕತ್ತರಿಸಿ, ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು.

ಅಮಾನುಲ್ಲಾನ ದವಡೆ ಕೂಡಿತು, ಮಾತು ಕೂಡಲಿಲ್ಲ. ಗೈಡಿಗೆ ಮಾತು ಬೇಕು. ಖಾಯಂ ಆದವನನ್ನು ತೆಗೆಯುವಂತಿಲ್ಲ. ಆದ್ದರಿಂದ ಅವನಿಗೆ ಬಡ್ತಿ ಕೊಟ್ಟು ಕ್ಯುರೇಟರ್ ಮಾಡಿದರು. ತೊಂಬತ್ತಾರರಲ್ಲಿ ನಾನು ಮಕ್ಕಳನ್ನು ಕರೆದುಕೊಂಡು ಹೋಗಿದ್ದಾಗ, ಅವನು ಟಾರ್ಚು ಹಿಡಿದು ಆ ದವಡೆಯ ಹಿಂಭಾಗ ತೋರಿಸಿದ.

ಪ್ಲಾಸ್ಟರಿನಲ್ಲಿ ಒಂದು ಬುದ್ಧಿಹಲ್ಲು ಮೂಡಿತ್ತು. ಸುತ್ತ ಪ್ಲಾಸ್ಟರ್ ವಸಡಿನಂತೆ ಸಣ್ಣಗೆ ಬಾತುಕೊಂಡಿತ್ತು. ಮೇಣದ ಅಚ್ಚು ಈಗಲೂ ಅವರ ಮನೆಯ ಅಟ್ಟದ ಮೇಲಿದೆ, ಅದರಲ್ಲಿ ಆ ಜಾಗ ಖಾಲಿ. ನಾನೇ ಇಳಿಸಿ ನೋಡಿದ್ದೇನೆ.