ನೂರಕ್ಕೆ ನೂರು ಬೀಟ್

ಬರ್ತಾರೆ ಮೇಡಂ, ಬರ್ತಾರೆ! ಬೈರಪ್ಪಣ್ಣ ಬರದೆ ಇರೋ ದಿನ ಅಂತ ಒಂದು ಇದ್ಯಾ? ಮೂರು ಗಂಟೆ ಅಂದ್ರೆ ಮೂರೇ ಗಂಟೆ. ಈಗ ಎಷ್ಟಾಯ್ತು... ಮೂರೂ ಕಾಲಾ? ಇಲ್ಲಪ್ಪ, ನಿಮ್ಮ ವಾಚು ಸ್ವಲ್ಪ ಮುಂದಿದೆ. ನಮ್ಮ ಗೋಡೆ ಗಡಿಯಾರ ನೋಡಿ, ಇನ್ನೂ ಎರಡೂ ಮುಕ್ಕಾಲು. ಹೌದು, ಅದು ನಿಂತು ಒಂದು ವರ್ಷ ಆಯ್ತು. ಎಂತಕ್ಕೆ ನಗ್ತೀರಿ?

ಕೂತ್ಕೊಳ್ಳಿ. ಅಯ್ಯೋ, ಆ ಕುರ್ಚಿ ಬೇಡ! ಅದರ ದಿಂಬಿಗೆ ಸೂಜಿ ಚುಚ್ಚಿಟ್ಟಿದ್ದೇನೆ. ಬ್ಲೌಸ್ ಹೊಲಿಯೋರ ಮನೇಲಿ ಎಲ್ಲಿ ಕೂತ್ರೂ ಒಮ್ಮೆ ಕೈಯಾಡಿಸಿ ಕೂರಬೇಕು. ಹೋದ ವಾರ ನಮ್ಮ ಪಂಚಾಯ್ತಿ ಮೆಂಬರು ಪರಮಶಿವಯ್ಯನವರು ಕೂತು ಎದ್ದ ರಭಸ ನೋಡ್ಬೇಕಿತ್ತು! ಊರಿನ ಕೆಲಸಕ್ಕೆ ಅವರು ಒಂದು ದಿನವೂ ಅಷ್ಟು ಬೇಗ ಎದ್ದಿಲ್ಲ.

ಪುಟ್ಟಿ! ಮೇಡಂ ಹೆಗಲಿನ ನಕ್ಷತ್ರ ಕೀಳ್ಬೇಡ. ಇರೋದೇ ಎರಡು, ಪಾಪ.

ಎತ್ಕೊಳ್ತೀರಾ? ಎತ್ಕೊಳ್ಳಿ. ಎರಡೂವರೆ ವರ್ಷ. ಅಂಗನವಾಡಿಯಿಂದ ಈಗ ಬಂದಿದ್ದಷ್ಟೇ. ಅಲ್ಲಿ ಮೊಟ್ಟೆ ತಿಂದು ಬಂದು ಇಲ್ಲಿ ನನ್ನ ತಲೆ ತಿಂತಾಳೆ.

ಹೌದು ಮೇಡಂ, ಅದೇ ಸ್ಟಿಕ್ಕರು. ಬಾಗಿಲ ಪಕ್ಕದ್ದು, ಕಪ್ಪು ಬಿಳಿ ಚೌಕ ಚೌಕದ್ದು. ಬೀಟ್ ಪೊಲೀಸಿನವರು ಬಂದು ಅದಕ್ಕೆ ಇಲಾಖೆ ಮೊಬೈಲ್ ಹಿಡಿಯೋದು, ಟಿಂಗ್ ಅನ್ನೋದು, ಅಲ್ಲಿ ಚಿಕ್ಕಮಗಳೂರಿನ ಕಂಪ್ಯೂಟರಿನಲ್ಲಿ ಹಸಿರಾಗೋದು. ಹಿರೇಕೊಡಿಗೆ ಬೀಟಿಗೆ ಮೂರು ಕಡೆ ಅಂಟಿಸಿದ್ದಾರೆ. ನಮ್ಮ ಗೋಡೆ, ಹಾಲಿನ ಡೈರಿ, ಶಾಲೆ. ಮೂರರಿಂದ ನಾಲ್ಕರ ಒಳಗೆ ಮೂರೂ ಟಿಂಗ್ ಆಗ್ಬೇಕು. ಆಗದಿದ್ರೆ ಕೆಂಪು. ಕೆಂಪು ಬಿದ್ರೆ ಮೆಮೊ... ಹೂಂ? ನನಗೆ ಹೇಗೆ ಗೊತ್ತಾ? ಬೈರಪ್ಪಣ್ಣನೇ ಹೇಳಿದ್ದಪ್ಪ, ಕಾಫಿ ಕುಡೀತಾ! ಸಬ್ ಇನ್‌ಸ್ಪೆಕ್ಟರಿಗೆ ನಾನು ಪಾಠ ಹೇಳ್ತಿದ್ದೇನೆ ನೋಡಿ. ನನ್ನ ಬಾಯಿಗೆ ಹೊಲಿಗೆ ಹಾಕೋರು ಇನ್ನೂ ಹುಟ್ಟಿಲ್ಲ ಅಂತ ನಮ್ಮ ಅತ್ತೆ ದಿನಾ ಹೇಳ್ತಾರೆ.

ಶುಕ್ರವಾರ ಅಲ್ವಾ ಬಹುಮಾನ? ಜಿಲ್ಲೆಗೆಲ್ಲ ಒಬ್ಬರೇ ಅಂತೆ! ಮೂರು ತಿಂಗಳಲ್ಲಿ ಒಂದೂ ಕೆಂಪಿಲ್ಲ ಅಂತೆ! ನೀವು ಅದಕ್ಕೇ ಬಂದಿದ್ದು, ನನಗೆ ಗೊತ್ತಾಯ್ತು. ಊರವರನ್ನ ಒಂದು ಮಾತು ಕೇಳಿ ವರದಿ ಬರೀಲಿಕ್ಕೆ. ಬರ್ಕೊಳ್ಳಿ. ಹೆಸರು ಭವ್ಯ, ಗಂಡ ನಿತೀಶ್, ಪಿಕಪ್ ಓಡಿಸ್ತಾರೆ. ಹೆಡ್ ಕಾನ್‌ಸ್ಟೇಬಲ್ ಬೈರಪ್ಪ ದಿನಾ ಬರ್ತಾರೆ, ಮೂರು ಗಂಟೆಗೆ ಸರಿಯಾಗಿ ಬರ್ತಾರೆ. ಅವರಿಗೆ ಇನ್ನೆರಡು ವರ್ಷಕ್ಕೆ ರಿಟೈರು ಮೇಡಂ. ಇಷ್ಟು ವರ್ಷದ ಸರ್ವಿಸಿನಲ್ಲಿ ಒಂದು ಬಹುಮಾನ ಅಂತ ಇಲ್ಲ. ಈಗ ಒಂದು ಕೆಂಪು ಬಿದ್ರೆ ಬಹುಮಾನವೂ ಹೋಯ್ತು, ಹಿಂದಿಂದೆಲ್ಲ ಕೆದಕ್ತಾರೆ... ಕೆದಕಿದ್ರೂ ಎಂತ ಸಿಗುತ್ತೆ, ಎಂತದೂ ಸಿಗಲ್ಲ! ಸುಮ್ನೆ ಹೇಳಿದೆ.

ನೀವು ಬರ್ಕೊಳ್ತಾ ಇಲ್ಲ.

ಇರ್ಲಿ, ನೆನಪಿಟ್ಕೊಳ್ಳಿ. ನೀವು ಸ್ಟೇಷನ್ನಿಗೆ ಹೊರಡಿ ಬೇಕಾದ್ರೆ. ಅವರು ಬಂದ ಕೂಡಲೇ ನಾನೇ ಹೇಳ್ತೀನಿ, ಮೇಡಂ ಬಂದಿದ್ರು ಅಂತ. ಬಿಸಿಲು ಬೇರೆ... ಅಲ್ಲ, ನೀವು ಸ್ಕೂಟಿಯಲ್ಲಿ ಬಂದ್ರಾ? ಜೀಪೆಲ್ಲಿ? ಶೃಂಗೇರಿಗಾ! ಇವತ್ತು ಯಾರಂತೆ? ದೆಹಲಿಯವರಾ? ಮೊನ್ನೆ ಬೆಂಗಳೂರಿನವರು ಬಂದಿದ್ರು, ಆಚೆ ವಾರ ಯಾರೋ ಜಡ್ಜು. ದೊಡ್ಡವರಿಗೆಲ್ಲ ಭಕ್ತಿ ಬರೋದು ನಮ್ಮ ಸ್ಟೇಷನ್ನಿನಲ್ಲಿ ಜನ ಇಲ್ಲದಾಗಲೇ. ಅವರು ಕೈ ಮುಗಿದು ಒಳಗೆ ಹೋಗ್ಲಿಕ್ಕೆ ಐದು ನಿಮಿಷ. ಅದಕ್ಕೆ ಕೊಪ್ಪ, ಎನ್.ಆರ್.ಪುರದ ಪೊಲೀಸರನ್ನೆಲ್ಲ ತಗೊಂಡು ಹೋಗಿ ಬೆಳಗ್ಗಿಂದ ರಸ್ತೆ ಬದಿಗೆ ಸಸಿ ನೆಟ್ಟ ಹಾಗೆ ನಿಲ್ಲಿಸ್ತಾರೆ.

ನಗಿ, ನಗಿ. ನಿಮ್ಮ ಸ್ಟೇಷನ್ ಬೋರ್ಡ್ ನಾನು ನೋಡಿದ್ದೇನೆ ಮಾರಾಯ್ರೆ! ಇವರ ಗಾಡಿಯ ಕೇಸಿಗೆ ಬಂದಾಗ ಎರಡು ಗಂಟೆ ಬೆಂಚಿನ ಮೇಲೆ ಕೂತು ಬೇರೆ ಎಂತ ಮಾಡ್ಲಿ? ಮಂಜೂರಾದ ಹುದ್ದೆ ಮೂವತ್ತೆರಡು, ಇರೋರು ಹದಿನೇಳು. ಹದಿನೇಳರಲ್ಲಿ ಇಬ್ಬರು ಎಸ್ಪಿ ಆಫೀಸಿನಲ್ಲಿ, ಒಬ್ಬರು ಕೋರ್ಟಿನಲ್ಲಿ, ಒಬ್ಬರು ಸಮನ್ಸ್ ಹಿಡ್ಕೊಂಡು ಮಂಗಳೂರಿನಲ್ಲಿ, ಒಬ್ಬಳು ಬಾಣಂತಿ. ಆ ರೈಟರ್ ಕಲ್ಲೇಶಪ್ಪ ಒಬ್ಬರೇ ಫೋನೆತ್ತಿ, ದೂರು ಬರ್ಕೊಂಡು, ಮಧ್ಯೆ ಬಂದೂಕು ಹಿಡಿದು ಸೆಂಟ್ರಿನೂ ನಿಲ್ತಿದ್ರು. ಪೆನ್ನು ಬಂದೂಕು ಎರಡೂ ಕೈಯಲ್ಲಿ! ಯಾವುದರಲ್ಲಿ ಬರೀತಾರೋ, ಯಾವುದರಲ್ಲಿ ಹೊಡೀತಾರೋ ಅಂತ ನಾನು ಪುಟ್ಟಿಯನ್ನ ಗಟ್ಟಿಯಾಗಿ ಹಿಡ್ಕೊಂಡು ಕೂತಿದ್ದೆ.

ಕಾಫಿ ತಗೊಳ್ಳಿ. ಸಕ್ಕರೆ ಸಾಕಾ?

ಆದ್ರೂ ಬೈರಪ್ಪಣ್ಣನ ಬೀಟ್ ಅಂದ್ರೆ ಬೀಟೇ. ಕೇಳಿ, ಹೋದ ತಿಂಗಳು ಚಿನ್ನ ಪಾಲಿಶ್ ಮಾಡೋರು ಇಬ್ಬರು ಬಂದಿದ್ರು, ಬೈಕಿನಲ್ಲಿ. ಡೈರಿ ಪಕ್ಕದ ಶಾಂತಕ್ಕನ ಮನೆ ಜಗುಲಿಯಲ್ಲಿ ಕೂತು, ಆಯಮ್ಮನ ಬಳೆ ಬಿಚ್ಚಿಸಿ ಪಾತ್ರೆಗೆ ಹಾಕ್ಲಿಕ್ಕೆ ರೆಡಿ! ಸರಿಯಾಗಿ ಆ ಹೊತ್ತಿಗೆ ಬೀಟು. ಸ್ಕೂಟಿ ನಿಲ್ಲಿಸಿ, ವೇಲನ್ನ ಸೊಂಟಕ್ಕೆ ಬಿಗಿದು ಕಟ್ಟಿ, ಏಯ್ ಎದ್ದೇಳ್ರೋ ಅಂತ...

ಬೆಲ್ಟು! ಬೆಲ್ಟು ಅಂದೆ ಮೇಡಂ. ಬೆಲ್ಟನ್ನ ಬಿಗಿ ಮಾಡ್ಕೊಂಡು. ಬೈರಪ್ಪಣ್ಣನಿಗೆ ವೇಲೆಲ್ಲಿಂದ ಬರ್ಬೇಕು!

ಸ್ಕೂಟಿನಾ? ಬೈಕು. ನಾನು ಎಲ್ಲ ಗಾಡಿಗೂ ಸ್ಕೂಟಿ ಅಂತೀನಿ. ಇವರ ಪಿಕಪ್ಪಿಗೂ ಅಂತೀನಿ.

ಅಂತೂ ಅವರಿಬ್ಬರೂ ಪಾತ್ರೆ ಬಿಟ್ಟು ಓಡಿದ್ರು. ಬೈಕಿನ ನಂಬರನ್ನ ಕೈ ಮೇಲೆ ಬರ್ಕೊಂಡು, ಬ್ಲೌಸಿಗೆ ಗುರುತು ಹಾಕೋ ಚಾಕಿನಲ್ಲಿ... ಚಾಕ್ ಅಲ್ಲಿ ಬಿದ್ದಿತ್ತು ಮೇಡಂ. ಬಿದ್ದಿರ್ಬಾರ್ದಾ? ಆ ನಂಬರ್ ಮೇಲೇ ತಾನೇ ತೀರ್ಥಹಳ್ಳಿ ಕಡೆ ಅವರನ್ನ ಹಿಡಿದಿದ್ದು? ಪೇಪರಿನಲ್ಲಿ ಬಂತು, ಬೀಟ್ ಸಿಬ್ಬಂದಿಯ ಸಮಯಪ್ರಜ್ಞೆ ಅಂತ. ನಾನು ಕತ್ತರಿಸಿ ಇಟ್ಟಿದ್ದೇನೆ. ಬೈರಪ್ಪಣ್ಣನ ಮೇಲಿನ ಅಭಿಮಾನಕ್ಕೆ!

ಕಾಫಿ ಆರ್ತಾ ಇದೆ ಮೇಡಂ.

ಎಷ್ಟಾಯ್ತು? ನಿಮ್ಮ ವಾಚಿನಲ್ಲೇ ಹೇಳಿ. ಮೂರೂವರೆ ದಾಟ್ತಾ? ಏನೋ ಕೆಲಸ ಬಿದ್ದಿರುತ್ತೆ, ಪಂಚರೋ ಎಂತದೋ. ಒಂದು ಕೆಲಸ ಮಾಡಿ, ನೀವು ಡೈರಿ ಹತ್ತಿರ ಹೋಗಿ ನೋಡಿ, ಮೊದಲು ಅಲ್ಲಿಗೇ ಹೋಗಿರ್ಬಹುದು. ನೀವು ಹೋಗಿ ಬರೋ ಹೊತ್ತಿಗೆ ಇಲ್ಲಿ ಟಿಂಗ್ ಆಗಿರುತ್ತೆ... ಬಂದಿರ್ತಾರೆ ಅಂದೆ. ಹೋಗಲ್ವಾ? ಇಲ್ಲೇ ಕೂರ್ತೀರಾ?

ಕೂತ್ಕೊಳ್ಳಿ, ಅದಕ್ಕೇನಂತೆ. ಎದ್ದು ಹೋಗಿ ಅಂತ ನಾನು ಅಂದ್ನಾ?

ಹಾಗಾದ್ರೆ ಒಂದು ಫೋನ್ ಹಾಕಿ ಮೇಡಂ. ನಿಮ್ಮ ಸಿಬ್ಬಂದಿ ತಾನೇ? ಎಲ್ಲಿದ್ದೀಯಾ ಬೈರಪ್ಪ, ಇಷ್ಟೊತ್ತಾದ್ರೂ ಪಾಯಿಂಟಿಗೆ ಯಾಕೆ ಬಂದಿಲ್ಲ ಅಂತ ಜೋರು ಮಾಡಿ. ಮೊದಲಿದ್ದ ಸಾಹೇಬ್ರು ಐದು ನಿಮಿಷ ತಡ ಆದ್ರೆ ಫೋನಿನಲ್ಲೇ ಹರಿದು ಹಾಕ್ತಿದ್ರಂತೆ.

ಹಾಕಲ್ವಾ?

ಯಾಕೆ ಹಾಕಲ್ಲ?

ನೀವು ರಸ್ತೆ ಕಡೆಯೂ ನೋಡ್ತಾ ಇಲ್ಲ. ಬಂದಾಗಿನಿಂದ ಒಂದು ಸಲವೂ ನೋಡಿಲ್ಲ. ಕಾಯೋರು ಯಾರಾದ್ರೂ ರಸ್ತೆ ನೋಡ್ತಾರೆ. ನಾನೊಬ್ಬಳೇ ಇಣುಕಿ ಇಣುಕಿ ಕತ್ತು ನೋಯಿಸ್ಕೊಂಡೆ.

ಅವರು ಬರಲ್ಲ ಅಂತ ನಿಮಗೆ ಗೊತ್ತು.

ಅಯ್ಯೋ ನನ್ನ ಪೆದ್ದುತನವೇ! ಜೀಪಿನಲ್ಲಿ ಯಾರು ಹೋಗಿದ್ದು ಅಂತ ನಾನು ಕೇಳಲೇ ಇಲ್ಲವಲ್ಲ. ಬೆಳಗ್ಗೆ ಡ್ಯೂಟಿ ಹಂಚಿದ್ದು ನೀವೇ. ಶೃಂಗೇರಿಗೆ ಅವರನ್ನ ಕಳಿಸಿದ್ದೂ ನೀವೇ. ಅವರು ಅಲ್ಲಿ ಹಗ್ಗ ಹಿಡಿದು ನಿಂತಿದ್ದಾರೆ ಅಂತ ಗೊತ್ತಿದ್ದೂ ಇಲ್ಲಿ ಬಂದು ಕೂತಿದ್ದೀರಿ. ನಾನು ಬೆಲ್ಟು, ಚಾಕ್, ಪಂಚರು ಅಂತ... ನೀವು ಒಳಗೊಳಗೇ ಎಷ್ಟು ನಕ್ಕಿರ್ಬೇಡ!

ಈಗ ನಗ್ತಾ ಇಲ್ಲ. ಈಗ ನಕ್ಕಿದ್ರೇ ಒಳ್ಳೇದಿತ್ತು.

ತಗೊಳ್ಳಿ. ಮೆಷಿನ್ನಿನ ಡ್ರಾಯರಿನಲ್ಲಿತ್ತು. ಇಲಾಖೆ ಫೋನು. ಬಂದೋಬಸ್ತ್ ಇರೋ ದಿನ ಬೆಳಗ್ಗೆ ಕೊಟ್ಟು ಹೋಗ್ತಾರೆ, ಸಂಜೆ ತಗೊಂಡು ಹೋಗ್ತಾರೆ. ಬಂದೋಬಸ್ತ್ ಇಲ್ಲದ ದಿನ... ಹೂಂ, ಕೋರ್ಟ್ ಡ್ಯೂಟಿ ದಿನವೂ ಕೊಡ್ತಾರೆ. ಸರಿ, ದಿನಾ. ಆಯ್ತಾ? ಮೂರು ತಿಂಗಳಿಂದ ಹಿರೇಕೊಡಿಗೆ ಬೀಟ್ ನಂದು. ಸ್ಕೂಟಿ ನಂದು, ಪೆಟ್ರೋಲು ಇವರ ಜೇಬಿಂದು.

ಅವರನ್ನ ಬೈಬೇಡಿ ಮೇಡಂ. ಅವರು ಬೇಡ ಬೇಡ ಅಂದ್ರು. ಮೂರು ತಿಂಗಳ ಹಿಂದೆ ಒಂದಿನ ಇದೇ ಗೋಡೆ ಹತ್ತಿರ ನಿಂತಿದ್ರು, ಶೃಂಗೇರಿಗೆ ಈಗಲೇ ಹೊರಡು ಅಂತ ಫೋನ್ ಬಂತು. ಇಲ್ಲಿ ಮೂರು ಗಂಟೆ, ಅಲ್ಲಿ ಮೂರು ಗಂಟೆ, ಒಬ್ಬ ಮನುಷ್ಯ ಎರಡು ಕಡೆ ಹೇಗಮ್ಮಾ ನಿಲ್ಲೋದು ಅಂತ ಬೆವರು ಒರೆಸ್ಕೊಂಡ್ರು. ಪಾಪ ಅಂತ ನಾನು ಸಹಾಯ ಮಾಡಿದೆ... ಹಾಗಂತ ಇವರಿಗೆ ಹೇಳಿದ್ದೇನೆ. ಅತ್ತೆಗೂ ಹೇಳಿದ್ದೇನೆ.

ಸುಳ್ಳು. ನಾನೇ ಕಿತ್ಕೊಂಡೆ.

ಹಾಗೆ ನೋಡ್ಬೇಡಿ ಮೇಡಂ. ಹತ್ತನೇ ಕ್ಲಾಸಿನಲ್ಲಿ ನನಗೆ ಎಪ್ಪತ್ತೊಂದು ಪರ್ಸೆಂಟು. ಶಾಲೆ ಮೈದಾನದಲ್ಲಿ ದಿನಾ ಬೆಳಗ್ಗೆ ಎಂಟು ಸುತ್ತು ಓಡ್ತಿದ್ದೆ, ಪೊಲೀಸ್ ಆಗ್ತೀನಿ ಅಂತ. ಪಿಯುಸಿ ಆಗ್ಬೇಕು ಅಂದ್ರು. ಅಪ್ಪ, ಕೊಪ್ಪಕ್ಕೆ ಬಸ್ಸಿನಲ್ಲಿ ಓಡಾಡೋದೆಲ್ಲ ಬೇಡ ಅಂದ್ರು. ಹತ್ತೊಂಬತ್ತಕ್ಕೆ ಮದುವೆ. ಮುಗೀತು. ಬೇಜಾರೆಲ್ಲ ಇಲ್ಲ, ಇವರು ಒಳ್ಳೆಯವರೇ. ಆದ್ರೆ ಆ ಫೋನ್ ಬ್ಯಾಗಿನಲ್ಲಿದ್ರೆ ಸ್ಕೂಟಿನೇ ಬೇರೆ ಥರ ಓಡುತ್ತೆ! ರಸ್ತೇಲಿ ಹೊಸ ಮುಖ ಕಂಡ್ರೆ ಸಾಕು, ನಿಲ್ಲಿಸಿ ಯಾವೂರು ಅಂತ ಕೇಳ್ತೀನಿ. ಡೈರಿ ಬೀಗ ಎಳೆದು ನೋಡ್ತೀನಿ. ಶಾಲೆ ಹಿಂದೆ ಕುಡಿಯೋರು ಕೂರ್ತಿದ್ರಲ್ಲ, ಈಗ ಒಬ್ಬನೂ ಕೂರಲ್ಲ, ನನ್ನ ಬಾಯಿಗೆ ಹೆದರಿ. ಯಾರದೋ ಹೆಸರಲ್ಲಿ ಟಿಂಗ್ ಅಂದ್ರೂ ನನಗೆ ಒಳಗೆ ಎಷ್ಟು ಖುಷಿ ಅಂದ್ರೆ... ಹೇಳಿದ್ರೆ ನಿಮಗೆ ನಗು ಬರುತ್ತೆ.

ಎಂತ ಕಾಗದ ಅದು? ಎಸ್ಪಿ ಆಫೀಸಿಂದಾ? ನಾನು ಓದ್ಲಾ? ಜೋರಾಗಿ?

“...ಹೆಚ್ಚುವರಿಯಾಗಿ ನಾಲ್ಕು ಸಿಬ್ಬಂದಿಯನ್ನು ಕೋರಿರುವ ತಮ್ಮ ಪತ್ರವನ್ನು ಪರಿಶೀಲಿಸಲಾಗಿದೆ. ತಮ್ಮ ಠಾಣೆಯ ಹಿರೇಕೊಡಿಗೆ ಬೀಟ್ ಸತತ ಮೂರು ತಿಂಗಳು ನೂರಕ್ಕೆ ನೂರು ಸಾಧಿಸಿರುವುದನ್ನು ಗಮನಿಸಿದಲ್ಲಿ, ಹಾಲಿ ಸಿಬ್ಬಂದಿಯೇ ಸಾಕಾಗುವುದೆಂದು...”

ಸಾಕಾಗುವುದೆಂದು.

ಅಯ್ಯೋ ದೇವರೇ. ಸಾಕಾಗ್ತಾ ಇರೋದು ನಾನು ಮೇಡಂ! ಬ್ಲೌಸಿಗೆ ಹುಕ್ ಹಾಕೋದು ಬಿಟ್ಟು ಹೋಗಿ ಸಾಕಾಗಿಸ್ತಾ ಇದ್ದೇನೆ! ನಾಲ್ಕು ಜನ ಬರ್ತಿದ್ರಾ? ನಾಲ್ಕು? ಅದರಲ್ಲಿ ಒಬ್ಬಳಾದ್ರೂ ಹುಡುಗಿ ಇರ್ತಿದ್ಲು ಅಲ್ವಾ, ಪಿಯುಸಿ ಮಾಡಿದೋಳು... ಅವಳ ಜಾಗದಲ್ಲಿ ನಾನು ಕೂತುಬಿಟ್ಟೆನಾ?

ನಾಲ್ಕಕ್ಕೆ ಐದು ನಿಮಿಷ. ಡೈರಿ, ಶಾಲೆ ಎರಡೂ ಹೋಯ್ತು, ಇನ್ನು ಓಡಿದ್ರೂ ಆಗಲ್ಲ. ಆದ್ರೂ ಇದೊಂದು ಹಿಡೀಬಹುದು. ನೀವೇ ಹಿಡೀತೀರಾ? ಬೇಡ್ವಾ? ಫೋನ್ ಮತ್ತೆ ನನ್ನ ಕೈಗೇ ಕೊಡ್ತೀರಾ? ನಾನೇ ಹೇಳ್ಬೇಕಾ?

ಹಿಡಿಯಲ್ಲ. ನಾನೂ ಹಿಡಿಯಲ್ಲ. ಇವತ್ತು ಹಿರೇಕೊಡಿಗೆಗೆ ಯಾರೂ ಬಂದಿಲ್ಲ. ಬಂದಿಲ್ಲ ಅಂತಲೇ ಕಾಣ್ಲಿ ಚಿಕ್ಕಮಗಳೂರಿನವರಿಗೆ. ಶುಕ್ರವಾರದ ಬಹುಮಾನ ಹೋದ್ರೆ ಬೈರಪ್ಪಣ್ಣ ಬೇಜಾರು ಮಾಡ್ಕೊಳ್ಳಲ್ಲ. ಆ ಸುದ್ದಿ ಬಂದಾಗಿನಿಂದ ಅವರಿಗೆ ಊಟ ಸೇರ್ತಿಲ್ಲ, ನನ್ನ ಕಾಫಿನೂ ಬೇಡ ಅಂತಾರೆ.

ಆದ್ರೆ ಮೆಮೊ ಅವರ ಹೆಸರಿಗೆ ಬರ್ಬಾರ್ದು. ನೀವು ಬರೀಬೇಕು, ಆ ಹೊತ್ತಿಗೆ ಅವರನ್ನ ಶೃಂಗೇರಿಗೆ ಕಳಿಸಿದ್ದು ನಾನು, ಬೀಟಿಗೆ ಕಳಿಸ್ಲಿಕ್ಕೆ ನನ್ನ ಹತ್ತಿರ ಬೇರೆ ಜನ ಇರ್ಲಿಲ್ಲ ಅಂತ. ಇವತ್ತಿಂದು ಮಾತ್ರ ಅಲ್ಲ, ನೀವು ಬಂದಾಗಿನಿಂದ ಎಲ್ಲ ದಿನದ್ದೂ. ನನ್ನ ಹೆಸರೂ ಹಾಕಿ. ಬರೀತೀರಾ?

ಯಾಕೆ ತಲೆ ತಗ್ಗಿಸಿದ್ರಿ?

ಓ... ನೀವು ಈ ಸ್ಟೇಷನ್ನಿಗೆ ಬಂದು ಎರಡು ತಿಂಗಳು, ಅವತ್ತಿಂದ ದಿನಾ ಡ್ಯೂಟಿ ಹಂಚೋದು ನೀವು. ದಿನಾ ಸಂಜೆ ಹಸಿರು ನೋಡೋದೂ ನೀವು. ಇವತ್ತು ಗೊತ್ತಾಗಿದ್ದಲ್ಲ ನಿಮಗೆ. ಈ ಕಾಗದ ಬರೋ ತನಕ ನಿಮಗೂ ಹಸಿರೇ ಬೇಕಿತ್ತು.

ಇರ್ಲಿ, ಕಣ್ಣೊರೆಸ್ಕೊಳ್ಳಿ, ಮಗು ನೋಡ್ತಾ ಇದೆ. ನಾನೇನು ನಿಮಗಿಂತ ಸಾಚಾ ಅಲ್ಲ.

ನಾಲ್ಕಾಯ್ತು. ಬಂತು ನೋಡಿ ಫೋನಿನಲ್ಲಿ. ಮೂರೂ ಕೆಂಪು. ಶಬ್ದವೇ ಇಲ್ಲ ಇದಕ್ಕೆ, ಸುಮ್ನೆ ಬಂದು ಕೂತುಬಿಡುತ್ತೆ.

ಬಿಳಿ ಹಾಳೆ ಇದೆ ನನ್ನ ಹತ್ತಿರ, ಪೆನ್ನೂ ಇದೆ. ಪುಟ್ಟಿಯನ್ನ ಇಲ್ಲಿ ಕೊಡಿ, ಬರೀಲಿಕ್ಕೆ ಎರಡೂ ಕೈ ಬೇಕು. ಅವಸರ ಮಾಡ್ಬೇಡಿ. ಎಷ್ಟೊತ್ತಾದ್ರೂ ಇಲ್ಲೇ ಕೂತು ಬರೀರಿ.