ತೋಳು ಅದಲುಬದಲು

ಕೈ ಮೊಬೈಲಾದರೆ ಬಾಯಿ ಆಕಳಿಕೆ ಅನ್ನುತ್ತಾರೆ. ಈ ನಿಜ ಕಥೆಯಲ್ಲಿ ಮಾತ್ರ ಆಕಳಿಸಿದವರಿಲ್ಲ. ಆನ್‌ಲೈನಿನಲ್ಲಿ ಹೊಲಿಗೆ ಕಲಿಸುವ ಸುಮೇರಾ ಪ್ರತಿ ಪಾಠದಲ್ಲೂ ಬೇಕೆಂದೇ ಒಂದು ತಪ್ಪು ಹೊಲಿಯುತ್ತಿದ್ದಳು. ಹುಡುಕಿದವರ ಹೆಸರನ್ನು ಮುಂದಿನ ಪಾಠದಲ್ಲಿ ಕೂಗುತ್ತಿದ್ದಳು. ಕಡೂರು ಬಸ್‌ಸ್ಟ್ಯಾಂಡಿನಲ್ಲಿ ಶಿಷ್ಯೆ ತೀರ್ಥಮ್ಮ ಸಿಕ್ಕಾಗ ಸುಮೇರಾಳ ಮುಖ ಬಾಡಿತ್ತು.

"ಎಲ್ರೂ ನಾನು ತೋರಿಸ್ದಂಗೇ ರವಿಕೆಯ ಎಡತೋಳನ್ನ ಬಲಕ್ಕೆ ಹೊಲ್ದು ಫೋಟೋ ಕಳ್ಸಿದೀರ. ತಪ್ಪು ಯಾರಿಗೂ ಕಾಣ್ಲಿಲ್ವಾ ತೀರ್ಥಮ್ಮನೋರೇ? ಪಾಠ ನಿಲ್ಲಿಸ್ಬಿಡ್ತೀನಿ."

"ನಿಲ್ಲಿಸ್ಬೇಡಿ ಮೇಡಂ. ಎಲ್ಲಾ ಮಾತಾಡ್ಕೊಂಡೇ ಹಂಗೆ ಹೊಲ್ದಿದ್ದು."

"ಯಾಕೆ?"

"ದಿನಾ ನಮ್ಮನ್ನ ಹುಡುಕಿಸ್ತೀರ. ಒಂದಿನ ನಮ್ಮ ತಮಾಷೆನ ನೀವೂ ಹುಡುಕಿ ಅಂತ. ಸೀರಿಯಲ್ ಬಿಟ್ಟು ನಿಮ್ಮ ಪಾಠ ನೋಡೋರಿಗೆ ಅಷ್ಟೂ ತಿಳಿಯಲ್ವಾ?"

"ಫೋಟೋದಲ್ಲಿ ಅದನ್ನೇ ಹಾಕ್ಕೊಂಡು ಬೇರೆ ನಿಂತಿದ್ರಲ್ರೀ."

"ಕೈ ಎತ್ತೋಕಾಗ್ದೆ ಸತ್ವಿ ಕಣ್ರೀ."

ಯಗಟಿ ಬಸ್ಸು ಬಂತು. ಹತ್ತಿ ಕೂತ ತೀರ್ಥಮ್ಮ ಕೈಯನ್ನು ಅರ್ಧಕ್ಕೇ ಎತ್ತಿ, ತೋಳು ಬಿಗಿದವಳಂತೆ ಟಾಟಾ ಮಾಡಿದಳು. ಬಸ್ಸಿನೊಳಗೆಲ್ಲ ನಗು, ಎಲ್ಲರಿಗಿಂತ ಜೋರಾಗಿ ನಕ್ಕವಳು ಕೆಳಗೆ ನಿಂತಿದ್ದ ಸುಮೇರಾ.